ಎಪ್ಪತ್ತಾರು ವರ್ಷ ತಡವಾಗಿ ದಾಖಲಾದ ಹ್ಯಾಟ್ರಿಕ್: ಬರ್ಟ್ ಪ್ಯಾಟನೋಡ್ ಅವರ ಆಟದ ಬದುಕು

1930ರ ಜುಲೈ 17ರಂದು ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊದ ಪಾರ್ಕ್ ಸೆಂಟ್ರಲ್ ಮೈದಾನದಲ್ಲಿ ಅಮೆರಿಕ ತಂಡ ಪರಗ್ವೆಯನ್ನು 3–0 ಗೋಲುಗಳಿಂದ ಸೋಲಿಸಿತು. ಮೂರೂ ಗೋಲು ಹೊಡೆದವರು ಇಪ್ಪತ್ತು ವರ್ಷದ ಸೆಂಟರ್ ಫಾರ್ವರ್ಡ್ ಬರ್ಟ್ ಪ್ಯಾಟನೋಡ್. ಅದು ವಿಶ್ವಕಪ್ ಫುಟ್‌ಬಾಲ್‌ನ ಮೊತ್ತಮೊದಲ ಹ್ಯಾಟ್ರಿಕ್. ಆದರೆ ಫಿಫಾ ಸಂಸ್ಥೆ ಅದನ್ನು ಒಪ್ಪಿಕೊಂಡದ್ದು 2006ರ ನವೆಂಬರ್ 10ರಂದು. ಅಲ್ಲಿಯವರೆಗೆ ಆ ಗೌರವ ಅರ್ಜೆಂಟೀನಾದ ಗಿಲೆರ್ಮೊ ಸ್ಟಾಬಿಲೆ ಅವರ ಹೆಸರಿನಲ್ಲಿತ್ತು. ಅವರು ಮೆಕ್ಸಿಕೊ ವಿರುದ್ಧ ಹ್ಯಾಟ್ರಿಕ್ ಹೊಡೆದದ್ದು ಎರಡು ದಿನ ತಡವಾಗಿ, ಜುಲೈ 19ರಂದು.

ಇಷ್ಟು ದೊಡ್ಡ ಪಂದ್ಯಾವಳಿಯ ಒಂದು ಸರಳ ಸಂಗತಿ ಇಷ್ಟು ಕಾಲ ತಪ್ಪಾಗಿಯೇ ಉಳಿದದ್ದು ಹೇಗೆ? ಪ್ಯಾಟನೋಡ್ ಅವರ ಆಟದ ಬದುಕನ್ನು ಅದು ರೂಪುಗೊಂಡ ಊರು, ಲೀಗ್ ಮತ್ತು ಕಾಲದ ಜೊತೆಗಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಅವರ ಪ್ರತಿಭೆ ಆಕಸ್ಮಿಕವಲ್ಲ, ಅವರು ಮರೆಯಾದದ್ದೂ ಆಕಸ್ಮಿಕವಲ್ಲ ಎಂಬುದು ಈ ಲೇಖನದ ವಾದ. ಅವರನ್ನು ಬೆಳೆಸಿದ ಗಿರಣಿ ಊರಿನ ಫುಟ್‌ಬಾಲ್ ವ್ಯವಸ್ಥೆ ಕುಸಿದಾಗ, ಅವರ ಸಾಧನೆಯನ್ನು ನೆನಪಿನಲ್ಲಿಡಬೇಕಾದ ಸಮಾಜವೂ ಅದರೊಂದಿಗೆ ಚದುರಿಹೋಯಿತು.

ಗಿರಣಿ ಊರಿನ ಫುಟ್‌ಬಾಲ್

ಬರ್ಟ್ ಪ್ಯಾಟನೋಡ್ ಹುಟ್ಟಿದ್ದು 1909ರ ನವೆಂಬರ್ 4ರಂದು, ಮ್ಯಾಸಚುಸೆಟ್ಸ್ ರಾಜ್ಯದ ಫಾಲ್ ರಿವರ್‌ನಲ್ಲಿ. ಅದು ಹತ್ತಿ ಬಟ್ಟೆಯ ಊರು. ಏರುಗಾಲದಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಗಿರಣಿಗಳಿದ್ದವು. ಆ ಗಿರಣಿಗಳಿಗೆ ಕೆಲಸಗಾರರು ಬಂದದ್ದು ಇಂಗ್ಲೆಂಡಿನ ಲ್ಯಾಂಕಾಶೈರ್, ಸ್ಕಾಟ್ಲೆಂಡ್, ಐರ್ಲೆಂಡ್, ಫ್ರೆಂಚ್ ಮಾತಾಡುವ ಕೆನಡಾ ಹಾಗೂ ಪೋರ್ಚುಗಲ್‌ನ ದ್ವೀಪಗಳಿಂದ. ಮಗ್ಗದ ಕೆಲಸ ಬಲ್ಲ ಲ್ಯಾಂಕಾಶೈರ್ ಜನ ತಮ್ಮೊಂದಿಗೆ ಫುಟ್‌ಬಾಲನ್ನೂ ತಂದರು. ಬೇರೆ ಸಮುದಾಯಗಳ ಮಕ್ಕಳು ಅದನ್ನು ಬೀದಿಯಲ್ಲೇ ಕಲಿತರು. ಪ್ಯಾಟನೋಡ್ ಫ್ರೆಂಚ್ ಕೆನಡಿಯನ್ ಮೂಲದವರು. ಮುಂದೆ ಅವರ ಪಕ್ಕದಲ್ಲೇ ಆಡಿದ ಬಿಲ್ಲಿ ಗೊನ್ಸಾಲ್ವಿಸ್ ಅದೇ ಊರಿನ ಪೋರ್ಚುಗೀಸ್ ಮನೆತನದವರು.

ಈ ಊರಿನ ಫುಟ್‌ಬಾಲ್ ಪರಂಪರೆ ಪ್ಯಾಟನೋಡ್ ಹುಟ್ಟುವ ಮೊದಲೇ ಗಟ್ಟಿಯಾಗಿತ್ತು. ಆ ಕಾಲದ ಪ್ರಮುಖ ಸ್ಪರ್ಧೆಯಾಗಿದ್ದ ಅಮೆರಿಕನ್ ಕಪ್ 1888ರಿಂದ 1892ರವರೆಗೆ ಸತತ ಐದು ವರ್ಷ ಫಾಲ್ ರಿವರ್‌ನ ತಂಡಗಳ ಪಾಲಾಯಿತು. ರೋವರ್ಸ್ ಎರಡು ಸಲ, ಒಲಿಂಪಿಕ್ಸ್ ಒಮ್ಮೆ, ಈಸ್ಟ್ ಎಂಡ್ಸ್ ಎರಡು ಸಲ ಅದನ್ನು ಗೆದ್ದವು. 1917ರಲ್ಲಿ ರೋವರ್ಸ್ ತಂಡ ಆಗಿನ ಬಲಾಢ್ಯ ಬೆತ್ಲೆಹೆಮ್ ಸ್ಟೀಲ್ ತಂಡವನ್ನು ಮಣಿಸಿ ನ್ಯಾಷನಲ್ ಚಾಲೆಂಜ್ ಕಪ್ ಗೆದ್ದಿತು. ಅಮೆರಿಕದಲ್ಲಿ ಫುಟ್‌ಬಾಲ್ ಬೇರು ಬಿಡಲೇ ಇಲ್ಲ ಎನ್ನುವವರು ಮೊದಲು ನೋಡಬೇಕಾದ ಊರು ಇದು.

1921ರಲ್ಲಿ ಅಮೆರಿಕನ್ ಸಾಕರ್ ಲೀಗ್ ಆರಂಭವಾಯಿತು. ಅದು ಆಟಗಾರರಿಗೆ ಸಂಬಳ ಕೊಡುವ ವೃತ್ತಿಪರ ಲೀಗ್. ಫಾಲ್ ರಿವರ್ ತಂಡವನ್ನು ಕೊಂಡ ಸ್ಯಾಮ್ ಮಾರ್ಕ್ ಅದಕ್ಕೆ ತಮ್ಮದೇ ಹೆಸರು ಸೇರಿಸಿ ‘ಮಾರ್ಕ್ಸ್‌ಮೆನ್’ ಎಂದು ಕರೆದರು. ಅವರಿಗೆ ದೊಡ್ಡ ತೊಡಕಾದದ್ದು ಭಾನುವಾರದ ಕಾನೂನು. ಮ್ಯಾಸಚುಸೆಟ್ಸ್‌ನಲ್ಲಿ ಭಾನುವಾರ ಹಣ ಪಡೆದು ಪಂದ್ಯ ಆಡಿಸುವಂತಿರಲಿಲ್ಲ, ಗಿರಣಿ ಕೆಲಸಗಾರರಿಗೆ ಬಿಡುವು ಸಿಗುತ್ತಿದ್ದದ್ದು ಭಾನುವಾರವೇ. ಹಾಗಾಗಿ ಮಾರ್ಕ್ ರಾಜ್ಯದ ಗಡಿ ದಾಟಿದ ಕೂಡಲೇ ಸಿಗುವ ರೋಡ್ ಐಲೆಂಡ್‌ನ ನಾರ್ತ್ ಟಿವರ್ಟನ್‌ನಲ್ಲಿ ಕ್ರೀಡಾಂಗಣ ಕಟ್ಟಿಸಿದರು. ಅಲ್ಲಿ ಭಾನುವಾರದ ಪಂದ್ಯಕ್ಕೆ ಅಡ್ಡಿಯಿರಲಿಲ್ಲ. ಸುಮಾರು 15,000 ಜನ ಹಿಡಿಸುವ ಆ ಕ್ರೀಡಾಂಗಣ ಫುಟ್‌ಬಾಲ್‌ಗಾಗಿಯೇ ಕಟ್ಟಿದ ಅಮೆರಿಕದ ಆರಂಭಿಕ ಕ್ರೀಡಾಂಗಣಗಳಲ್ಲಿ ಒಂದು. ಗೇಟಿನ ಗಳಿಕೆ ಬಂತು, ಗಳಿಕೆಯಿಂದ ಒಳ್ಳೆಯ ಆಟಗಾರರು ಬಂದರು. ಮಾರ್ಕ್ಸ್‌ಮೆನ್ 1924ರಿಂದ 1926ರವರೆಗೆ ಸತತ ಮೂರು ಸಲ ಲೀಗ್ ಗೆದ್ದರು.

ಏರುಗಾಲ: 1928–1931

ಪ್ಯಾಟನೋಡ್ ವೃತ್ತಿಪರ ಆಟ ಆರಂಭಿಸಿದ್ದು 1928ರಲ್ಲಿ, ಫಿಲಡೆಲ್ಫಿಯಾ ಫೀಲ್ಡ್ ಕ್ಲಬ್ ಪರವಾಗಿ. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅಲ್ಲಿ ಕೆಲವೇ ಪಂದ್ಯ ಆಡಿ, ದಾರದ ಕಂಪನಿಯೊಂದರ ತಂಡವಾದ ಜೆ ಅಂಡ್ ಪಿ ಕೋಟ್ಸ್‌ನಲ್ಲಿ ಕೆಲವೇ ದಿನ ಇದ್ದು, ಅದೇ ವರ್ಷ ತವರಿನ ಮಾರ್ಕ್ಸ್‌ಮೆನ್ ಸೇರಿದರು.

ಅವರು ಬಂದ ಕಾಲ ನೆಮ್ಮದಿಯದಲ್ಲ. 1928ರ ಫೆಬ್ರುವರಿಯಲ್ಲಿ ಕೆಡವುತ್ತಿದ್ದ ಒಂದು ಗಿರಣಿಯಿಂದ ಎದ್ದ ಬೆಂಕಿ ಫಾಲ್ ರಿವರ್ ಪೇಟೆಯ ಬಹುಭಾಗವನ್ನು ಸುಟ್ಟಿತ್ತು. ಅಗ್ಗದ ಕೂಲಿಯ ದಕ್ಷಿಣ ರಾಜ್ಯಗಳ ಪೈಪೋಟಿ ತಾಳಲಾರದೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಅದೇ ವರ್ಷ ಲೀಗ್‌ಗೂ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಗೂ ಜಗಳ ಹತ್ತಿತು. ನ್ಯಾಷನಲ್ ಚಾಲೆಂಜ್ ಕಪ್‌ನಲ್ಲಿ ಆಡಬಾರದೆಂದು ಲೀಗ್ ತನ್ನ ತಂಡಗಳಿಗೆ ಕಟ್ಟಪ್ಪಣೆ ಮಾಡಿತು. ಮೂರು ತಂಡಗಳು ಅದನ್ನು ಮೀರಿ ಉಚ್ಚಾಟನೆಗೊಂಡವು. ಸಂಸ್ಥೆ ಲೀಗನ್ನೇ ಬಹಿಷ್ಕರಿಸಿ ಪ್ರತಿಸ್ಪರ್ಧಿ ಲೀಗ್ ಹುಟ್ಟುಹಾಕಿತು. 1929ರ ಅಕ್ಟೋಬರಿನಲ್ಲಿ ರಾಜಿಯಾಯಿತು. ಅದೇ ತಿಂಗಳು ನ್ಯೂಯಾರ್ಕ್ ಷೇರುಪೇಟೆ ನೆಲಕಚ್ಚಿತು.

ಈ ಗೊಂದಲದ ನಡುವೆಯೂ ಮೈದಾನದಲ್ಲಿ ಮಾರ್ಕ್ಸ್‌ಮೆನ್ ಆಟ ಕುಗ್ಗಲಿಲ್ಲ. 1929 ಮತ್ತು 1930ರಲ್ಲಿ ಮತ್ತೆ ಲೀಗ್ ಗೆದ್ದರು. 1930ರ ನ್ಯಾಷನಲ್ ಚಾಲೆಂಜ್ ಕಪ್ ಫೈನಲ್‌ನಲ್ಲಿ ಕ್ಲೀವ್‌ಲೆಂಡ್ ತಂಡವನ್ನು ಮೊದಲ ಪಂದ್ಯದಲ್ಲಿ 7–2, ಎರಡನೆಯದರಲ್ಲಿ 2–1 ಗೋಲುಗಳಿಂದ ಸೋಲಿಸಿದರು. 1931ರ ಫೈನಲ್ ಪ್ಯಾಟನೋಡ್ ಅವರ ಕ್ಲಬ್ ಬದುಕಿನ ಶಿಖರ. ಷಿಕಾಗೊದ ಬ್ರಿಕ್‌ಲೇಯರ್ಸ್ ವಿರುದ್ಧ ಮೊದಲ ಪಂದ್ಯವನ್ನು ತಂಡ 6–2ರಿಂದ ಗೆದ್ದಿತು. ಆ ಆರರಲ್ಲಿ ಐದು ಪ್ಯಾಟನೋಡ್ ಅವರವು. ರಾಷ್ಟ್ರೀಯ ಕಪ್‌ನ ಫೈನಲ್‌ನಲ್ಲಿ ಒಬ್ಬನೇ ಐದು ಗೋಲು ಹೊಡೆಯುವುದು ಯಾವ ದೇಶದಲ್ಲಾದರೂ ದೊಡ್ಡ ಸುದ್ದಿ. ಆದರೆ ಅಷ್ಟರಲ್ಲಿ ಸ್ಯಾಮ್ ಮಾರ್ಕ್ ತಂಡವನ್ನು ನ್ಯೂಯಾರ್ಕಿಗೆ ಕೊಂಡೊಯ್ದು ‘ಯಾಂಕೀಸ್’ ಎಂದು ಹೊಸ ಹೆಸರಿಟ್ಟಿದ್ದರು. ಕಪ್ ಮಾತ್ರ ಫಾಲ್ ರಿವರ್ ಹೆಸರಿನಲ್ಲೇ ದಾಖಲಾಯಿತು. ತಂಡವನ್ನೇ ಕಳೆದುಕೊಂಡ ಊರಿನ ಹೆಸರಿಗೆ ಬಂದ ಗೆಲುವು ಅದು.

ಮೊಂಟೆವಿಡಿಯೊ, 1930

ಈ ಎರಡು ಕಪ್ ಗೆಲುವುಗಳ ನಡುವೆ ವಿಶ್ವಕಪ್ ಬಂತು. ರಾಬರ್ಟ್ ಮಿಲ್ಲರ್ ತರಬೇತುದಾರರಾಗಿ, ವಿಲ್‌ಫ್ರೆಡ್ ಕಮಿಂಗ್ಸ್ ವ್ಯವಸ್ಥಾಪಕರಾಗಿ ಇದ್ದ ಅಮೆರಿಕ ತಂಡ ಜೂನ್ 13ರಂದು ನ್ಯೂಜೆರ್ಸಿಯ ಹೊಬೊಕೆನ್ ಬಂದರಿನಿಂದ ‘ಮುನಾರ್ಗೊ’ ಹಡಗು ಹತ್ತಿ, ಜುಲೈ 1ರಂದು ಮೊಂಟೆವಿಡಿಯೊ ತಲುಪಿತು.

ಈ ತಂಡವನ್ನು ಬ್ರಿಟನ್ನಿನ ವೃತ್ತಿಪರರಿಂದ ತುಂಬಿದ ಬಾಡಿಗೆ ತಂಡವೆಂದು ಹಲವರು ಬರೆದಿದ್ದಾರೆ. ತಂಡದ ಪಟ್ಟಿ ಈ ಮಾತನ್ನು ಒಪ್ಪುವುದಿಲ್ಲ. ಹದಿನಾರು ಆಟಗಾರರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದವರು ಆರು ಮಂದಿ: ಐವರು ಸ್ಕಾಟ್ಲೆಂಡಿನವರು, ಒಬ್ಬರು ಇಂಗ್ಲೆಂಡಿನವರು. ಆ ಒಬ್ಬರಾದ ಜಾರ್ಜ್ ಮೂರ್‌ಹೌಸ್ ಮಾತ್ರ ಇಂಗ್ಲಿಷ್ ಲೀಗ್‌ನಲ್ಲಿ ಆಡಿದ್ದರು, ಅದೂ ಟ್ರಾನ್ಮಿಯರ್ ರೋವರ್ಸ್ ಪರ ಎರಡೇ ಪಂದ್ಯ. ಉಳಿದ ಹತ್ತು ಮಂದಿ ಅಮೆರಿಕದಲ್ಲೇ ಹುಟ್ಟಿದವರು. ಪ್ಯಾಟನೋಡ್ ಮತ್ತು ಗೊನ್ಸಾಲ್ವಿಸ್‌ರಂಥವರನ್ನು ತಯಾರಿಸಿದ್ದು ಅಮೆರಿಕದ ಊರು, ಅಮೆರಿಕದ ಲೀಗ್.

ಜುಲೈ 13ರಂದು ಬೆಲ್ಜಿಯಂ ವಿರುದ್ಧ ಆಡಿದ ಪಂದ್ಯ ವಿಶ್ವಕಪ್ ಇತಿಹಾಸದ ಮೊದಲ ಎರಡು ಪಂದ್ಯಗಳಲ್ಲಿ ಒಂದು. ಅದೇ ಹೊತ್ತಿಗೆ ಇನ್ನೊಂದು ಮೈದಾನದಲ್ಲಿ ಫ್ರಾನ್ಸ್ ಮತ್ತು ಮೆಕ್ಸಿಕೊ ಆಡುತ್ತಿದ್ದವು. ಅಮೆರಿಕ 3–0ರಿಂದ ಗೆದ್ದಿತು, ಕೊನೆಯ ಗೋಲು ಪ್ಯಾಟನೋಡ್ ಅವರದು. ನಾಲ್ಕು ದಿನಗಳ ನಂತರದ ಎದುರಾಳಿ ಪರಗ್ವೆ ಹಗುರ ತಂಡವೇನಲ್ಲ. ಹಿಂದಿನ ವರ್ಷವಷ್ಟೇ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್‌ನಲ್ಲಿ ಅರ್ಜೆಂಟೀನಾದ ನಂತರ ಎರಡನೆಯ ಸ್ಥಾನ ಪಡೆದಿತ್ತು. ಆ ತಂಡದ ವಿರುದ್ಧ ಪ್ಯಾಟನೋಡ್ 10, 15 ಮತ್ತು 50ನೆಯ ನಿಮಿಷಗಳಲ್ಲಿ ಗೋಲು ಹೊಡೆದರು.

ಸೆಮಿಫೈನಲ್ ಜುಲೈ 26ರಂದು ಅರ್ಜೆಂಟೀನಾ ವಿರುದ್ಧ ನಡೆಯಿತು. ಆಗ ಬದಲಿ ಆಟಗಾರನನ್ನು ಇಳಿಸುವ ನಿಯಮವಿರಲಿಲ್ಲ. ಆರಂಭದಲ್ಲೇ ರಾಫೆಲ್ ಟ್ರೇಸಿ ಅವರ ಕಾಲು ಮುರಿಯಿತು, ಗೋಲ್‌ಕೀಪರ್ ಜಿಮ್ಮಿ ಡಗ್ಲಸ್ ಗಾಯಗೊಂಡರು, ಆಂಡಿ ಆಲ್ಡ್ ಅವರ ತುಟಿ ಹರಿಯಿತು. ವಿರಾಮದ ಹೊತ್ತಿಗೆ 1–0 ಇದ್ದ ಪಂದ್ಯ ಅರ್ಜೆಂಟೀನಾ ಪರವಾಗಿ 6–1ಕ್ಕೆ ಮುಗಿಯಿತು. ಮನೆಗೆ ಹೊರಡುವ ಮುನ್ನ ತಂಡ ಆಗಸ್ಟ್ 17ರಂದು ರಿಯೊದಲ್ಲಿ ಬ್ರೆಜಿಲ್ ವಿರುದ್ಧ ಆಡಿ 4–3ರಿಂದ ಸೋತಿತು. ಪ್ಯಾಟನೋಡ್ ಎರಡು ಗೋಲು ಹೊಡೆದರು. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಒಟ್ಟು ನಾಲ್ಕು ಪಂದ್ಯ, ಆರು ಗೋಲು. ಎಲ್ಲವೂ ಐದು ವಾರಗಳ ಒಳಗೆ.

ಹದಿನೈದನೆಯ ನಿಮಿಷದ ಗೋಲು

ವಿವಾದ ಹುಟ್ಟಿದ್ದು ಪರಗ್ವೆ ವಿರುದ್ಧದ ಎರಡನೆಯ ಗೋಲಿನ ಬಗ್ಗೆ. ಮೊದಲ ಮತ್ತು ಮೂರನೆಯ ಗೋಲು ಪ್ಯಾಟನೋಡ್ ಅವರದೆಂಬುದರಲ್ಲಿ ಭಿನ್ನಮತವಿರಲಿಲ್ಲ. ಹದಿನೈದನೆಯ ನಿಮಿಷದ ಗೋಲಿಗೆ ಮಾತ್ರ ಮೂರು ಹೆಸರುಗಳು ಓಡಾಡಿದವು. ಫಿಫಾ ದಾಖಲೆ ಅದನ್ನು ನಾಯಕ ಟಾಮ್ ಫ್ಲೋರಿ ಹೆಸರಿಗೆ ಬರೆದಿತ್ತು. ಕೆಲವು ಅಂಕಿಅಂಶ ಸಂಗ್ರಹಕಾರರು ಪರಗ್ವೆಯ ಔರೇಲಿಯೊ ಗೊನ್ಸಾಲೆಸ್ ಅವರ ಸ್ವಂತ ಗೋಲು ಎಂದರು. ಅಮೆರಿಕದ ಕಡೆಯ ದಾಖಲೆ ಪ್ಯಾಟನೋಡ್ ಎಂದಿತು.

ಇಂಥ ಗೊಂದಲಕ್ಕೆ ಆ ಕಾಲದ ಸ್ಥಿತಿಯೇ ಕಾರಣ. ಆಟಗಾರರ ಅಂಗಿಗಳ ಮೇಲೆ ಸಂಖ್ಯೆಗಳಿರಲಿಲ್ಲ. ಐವರು ಫಾರ್ವರ್ಡ್‌ಗಳು ಸಾಲಾಗಿ ನುಗ್ಗುವ ಪದ್ಧತಿಯಲ್ಲಿ ಸೆಂಟರ್ ಫಾರ್ವರ್ಡ್ ಪ್ಯಾಟನೋಡ್ ಮತ್ತು ಅವರ ಎಡಬದಿಯ ಫ್ಲೋರಿ ಗೋಲಿನ ಮುಂದೆ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿರುತ್ತಿದ್ದರು. ದೂರದ ಅಟ್ಟಣೆಯಲ್ಲಿ ಕೂತು, ಪರಿಚಯವಿಲ್ಲದ ಮುಖಗಳನ್ನು ನೋಡಿ ಬರೆಯುವ ವರದಿಗಾರ ಕಡೆಯದಾಗಿ ಚೆಂಡು ಮುಟ್ಟಿದವರು ಯಾರೆಂದು ತಪ್ಪಾಗಿ ಗುರುತಿಸುವುದು ಸಹಜ.

ಹಾಗಾದರೆ ಯಾವ ಸಾಕ್ಷ್ಯಕ್ಕೆ ತೂಕ ಹೆಚ್ಚು? ಮೊದಲನೆಯದು ವ್ಯವಸ್ಥಾಪಕ ಕಮಿಂಗ್ಸ್ ರಾಷ್ಟ್ರೀಯ ಸಂಸ್ಥೆಗೆ ಕೊಟ್ಟ ಅಧಿಕೃತ ವರದಿ. ತಂಡದ ಜೊತೆಗಿದ್ದು, ಪ್ರತಿಯೊಬ್ಬ ಆಟಗಾರನನ್ನೂ ಹತ್ತಿರದಿಂದ ಬಲ್ಲವರು ಬರೆದ ಆ ವರದಿ ಮೂರೂ ಗೋಲುಗಳನ್ನು ಪ್ಯಾಟನೋಡ್ ಅವರಿಗೇ ಕೊಡುತ್ತದೆ. ವ್ಯವಸ್ಥಾಪಕರು ತಮ್ಮವರ ಪರ ಬರೆದಿರಬಹುದಲ್ಲ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಫ್ಲೋರಿಯೂ ಅವರ ತಂಡದವರೇ, ಅದರಲ್ಲೂ ನಾಯಕ. ಅವರ ಗೋಲನ್ನು ಕಸಿದು ಕಿರಿಯನಿಗೆ ಕೊಡಲು ಕಮಿಂಗ್ಸ್‌ಗೆ ಕಾರಣವಿರಲಿಲ್ಲ. ಎರಡನೆಯದು ಬ್ಯೂನಸ್ ಐರಿಸ್‌ನ ‘ಲಾ ಪ್ರೆನ್ಸಾ’ ಪತ್ರಿಕೆ. ಅದು ಗೋಲುಗಳು ಬಂದ ಬಗೆಯನ್ನು ರೇಖಾಚಿತ್ರ ಬಿಡಿಸಿ ತೋರಿಸಿ, ಮೂರನ್ನೂ ಪ್ಯಾಟನೋಡ್ ಅವರ ಹೆಸರಿಗೇ ಬರೆದಿತ್ತು. ಅಮೆರಿಕದವರನ್ನು ಹೊಗಳಿ ಅರ್ಜೆಂಟೀನಾದ ಪತ್ರಿಕೆಗೆ ಆಗಬೇಕಾದದ್ದೇನೂ ಇರಲಿಲ್ಲ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಸಮಕಾಲೀನ ಮೂಲಗಳು ಒಂದೇ ಮಾತು ಹೇಳಿದಾಗ, ಆನಂತರ ಸಂಗ್ರಹಿಸಿದ ಪಟ್ಟಿಗಿಂತ ಅವನ್ನೇ ನಂಬಬೇಕು. ಜೊತೆಗೆ ಆಡಿದವರ ಹೇಳಿಕೆಗಳೂ ಇದೇ ದಿಕ್ಕಿಗಿದ್ದವು. ಕಾಲಿನ್ ಹೋಸೆ ಅವರಂಥ ಇತಿಹಾಸಕಾರರು ಹಳೆಯ ಪತ್ರಿಕೆಗಳನ್ನು ಕೆದಕಿ ಪುರಾವೆ ಒಟ್ಟುಮಾಡಿದರು. ಫಿಫಾ ಕೊನೆಗೂ ತನ್ನ ದಾಖಲೆಯನ್ನು ತಿದ್ದಿಕೊಂಡಿತು.

ಮರೆವಿನ ಕಾರಣಗಳು

ಪುರಾವೆ 1930ರಲ್ಲೇ ಇತ್ತು ಎಂದ ಮೇಲೆ ತಿದ್ದುಪಡಿಗೆ ಇಷ್ಟು ಕಾಲ ಹಿಡಿದದ್ದೇಕೆ? ಆ ಪುರಾವೆಯನ್ನು ಮುಂದಿಟ್ಟು ವಾದಿಸುವವರು ಯಾರೂ ಉಳಿದಿರಲಿಲ್ಲ. 1931ರಲ್ಲಿ ಫಾಲ್ ರಿವರ್ ನಗರಾಡಳಿತ ದಿವಾಳಿಯಾಗಿ, ಅದರ ಹಣಕಾಸನ್ನು ರಾಜ್ಯವೇ ವಹಿಸಿಕೊಂಡಿತು. ಮೊದಲ ಅಮೆರಿಕನ್ ಸಾಕರ್ ಲೀಗ್ 1933ರಲ್ಲಿ ಕೊನೆಗೊಂಡಿತು. ಪಂದ್ಯಗಳಿಗೆ ಅಂಕಣ ಮೀಸಲಿಡುತ್ತಿದ್ದ ಪತ್ರಿಕೆಗಳು ಫುಟ್‌ಬಾಲನ್ನು ಕೈಬಿಟ್ಟವು. ಪ್ಯಾಟನೋಡ್ ನ್ಯೂಯಾರ್ಕ್, ಫಿಲಡೆಲ್ಫಿಯಾ, ಸೇಂಟ್ ಲೂಯಿಸ್ ಎಂದು ಊರೂರು ಅಲೆದು ಆಡಿದರು. 1935ರಲ್ಲಿ ಸೇಂಟ್ ಲೂಯಿಸ್‌ನ ಸೆಂಟ್ರಲ್ ಬ್ರೂವರೀಸ್ ತಂಡದಲ್ಲಿ ಮತ್ತೆ ಗೊನ್ಸಾಲ್ವಿಸ್ ಜೊತೆ ಸೇರಿ ಮೂರನೆಯ ಸಲ ರಾಷ್ಟ್ರೀಯ ಕಪ್ ಗೆದ್ದರು. 1934ರ ವಿಶ್ವಕಪ್ ತಂಡದಲ್ಲಿ ಅವರಿರಲಿಲ್ಲ. ಮೂವತ್ತು ತುಂಬುವ ಮೊದಲೇ ಅವರ ಆಟದ ಬದುಕು ಮುಗಿದಿತ್ತು.

1971ರಲ್ಲಿ ಅವರ ಹೆಸರು ಅಮೆರಿಕದ ನ್ಯಾಷನಲ್ ಸಾಕರ್ ಹಾಲ್ ಆಫ್ ಫೇಮ್ ಸೇರಿತು. 1974ರ ನವೆಂಬರ್ 4ರಂದು, ತಮ್ಮ ಅರವತ್ತೈದನೆಯ ಹುಟ್ಟುಹಬ್ಬದ ದಿನವೇ, ಫಾಲ್ ರಿವರ್‌ನಲ್ಲೇ ತೀರಿಕೊಂಡರು. ಫಿಫಾ ಮನ್ನಣೆ ಬಂದದ್ದು ಅದಾಗಿ ಮೂವತ್ತೆರಡು ವರ್ಷಕ್ಕೆ.

ಸ್ಟಾಬಿಲೆ ಅವರ ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ. ನಾಲ್ಕು ಪಂದ್ಯಗಳಲ್ಲಿ ಎಂಟು ಗೋಲು ಹೊಡೆದು ಆ ವಿಶ್ವಕಪ್‌ನ ಅತಿ ಹೆಚ್ಚು ಗೋಲುಗಾರರಾದವರು ಅವರೇ. ಆದರೆ ಪ್ಯಾಟನೋಡ್ ಅವರಿಗೆ 2006ರಲ್ಲಿ ಸಿಕ್ಕದ್ದು ಔದಾರ್ಯದ ಕೊಡುಗೆಯೂ ಅಲ್ಲ. ಅದು ತಪ್ಪು ಬರವಣಿಗೆಯ ತಿದ್ದುಪಡಿ. 2022ರ ವಿಶ್ವಕಪ್‌ವರೆಗೆ ಅಮೆರಿಕದ ಬೇರೆ ಯಾವ ಪುರುಷ ಆಟಗಾರನೂ ವಿಶ್ವಕಪ್‌ನಲ್ಲಿ ಹ್ಯಾಟ್ರಿಕ್ ಹೊಡೆದಿಲ್ಲ. 2006ಕ್ಕೆ ಮುಂಚಿನ ಪುಸ್ತಕಗಳನ್ನು ನೆಚ್ಚಿ ಬರೆದವರು ಇಂದಿಗೂ ಮೊದಲ ಹ್ಯಾಟ್ರಿಕ್ ಎದುರು ಸ್ಟಾಬಿಲೆ ಹೆಸರನ್ನೇ ಮುಂದುವರಿಸುವುದುಂಟು. ಕನ್ನಡದಲ್ಲಿ ವಿಶ್ವಕಪ್ ಇತಿಹಾಸ ಬರೆಯುವವರು ಆ ಪಟ್ಟಿಯನ್ನು ಹಾಗೇ ನಕಲು ಮಾಡದೆ, 1930ರ ಜುಲೈ 17ರ ಎದುರು ಬರ್ಟ್ ಪ್ಯಾಟನೋಡ್ ಅವರ ಹೆಸರು ಬರೆಯಬೇಕು.