ಕುಂಬಳೆಯ ಅಳಿವೆ: ಹಾಯಿಹಡಗುಗಳ ಇರುಳ ಆಶ್ರಯ

ಹಾಯಿಹಡಗುಗಳ ಕಾಲದಲ್ಲಿ ಕತ್ತಲಾಗುವ ಮುನ್ನ ಅಲೆಯ ಹೊಡೆತವಿಲ್ಲದ ತಾಣ ಸೇರುವುದೇ ನಾವಿಕರ ದೊಡ್ಡ ಚಿಂತೆ. ಕುಂಬಳೆ ಅಂತಹ ತಾಣವಾಗಿತ್ತು. ಇಲ್ಲಿ ಕಡಲಿಗೂ ಹಿನ್ನೀರಿಗೂ ನಡುವೆ ಮರಳದಿಣ್ಣೆಯೇ ಅಡ್ಡಗೋಡೆ. ಭರತದ ವೇಳೆ ಅಳಿವೆ ದಾಟಿ ಒಳಬಂದ ಸಣ್ಣ ಹಡಗು ಲಂಗರು ಹಾಕಿ ನಿಶ್ಚಿಂತೆಯಿಂದ ಇರುಳು ಕಳೆಯಬಹುದಿತ್ತು. ದೋಣಿಯಲ್ಲಿ ದಡ ಸೇರಿ ಸಿಹಿನೀರು ತುಂಬಿಕೊಂಡು, ಮುಂಜಾನೆಯ ನೆಲಗಾಳಿಗೆ ಹಾಯಿ ಬಿಚ್ಚಬಹುದಿತ್ತು. ಇಲ್ಲಿಂದ ಅಕ್ಕಿ ಮಾಲ್ದೀವಿಗೆ ಹೋಗಿ, ಅಲ್ಲಿಂದ ತೆಂಗಿನ ನಾರು ಬರುತ್ತಿದ್ದುದನ್ನು ಪೋರ್ಚುಗೀಸನಾದ ದುವಾರ್ತೆ ಬಾರ್ಬೋಸಾ 16ನೆಯ ಶತಮಾನದ ಆರಂಭದಲ್ಲೇ ಬರೆದಿದ್ದಾನೆ.

ಸಣ್ಣ ಹಡಗುಗಳನ್ನು ಕಾಪಾಡಿದ ಮರಳೇ ದೊಡ್ಡ ಹಡಗುಗಳಿಗೆ ತಡೆಯಾಯಿತು. 1907ರಲ್ಲಿ ರೈಲು ಮಂಗಳೂರು ಮುಟ್ಟಿದ ಮೇಲೆ ಸರಕೂ ಹಳಿ ಹಿಡಿಯಿತು. ಊರನ್ನು ಬೆಳೆಸಿದ್ದು ಆ ಶಾಂತವಾದ ನೀರೇ ಎಂಬುದನ್ನು ಕಿರಿಯರು ಮರೆಯಬಾರದು.