ಶಿಕ್ಷಕ ಹುದ್ದೆ: ಮತ್ತೆ ಮತ್ತೆ ಪೂರ್ವಾಪರ ಪರಿಶೀಲನೆ ಏಕೆ?

ಕಲಬುರಗಿ, ಬೀದರ್, ರಾಯಚೂರುಗಳಿಂದ ಮದುವೆಯಾಗಿ ಹೈದರಾಬಾದಿಗೆ ಬಂದ ನಮ್ಮ ಹೆಣ್ಣುಮಕ್ಕಳಲ್ಲಿ ಬಿ.ಎಡ್. ಮುಗಿಸಿ ಶಾಲೆಗಳಲ್ಲಿ ಪಾಠ ಹೇಳುವವರು ಅನೇಕರಿದ್ದಾರೆ. ಶಾಲೆ ಬದಲಿಸುವಾಗಲೆಲ್ಲ ಅವರಿಂದ ಕೇಳಿಬರುವ ಬೇಸರ ಒಂದೇ. ಹಿಂದಿನ ವರ್ಷವಷ್ಟೇ ಪೊಲೀಸ್ ಪರಿಶೀಲನೆ ಆಗಿದ್ದರೂ ಹೊಸ ಶಾಲೆ ಅದನ್ನು ಒಪ್ಪುವುದಿಲ್ಲ. ಅದೇ ಅರ್ಜಿ, ಅದೇ ದಾಖಲೆ, ಅದೇ ಠಾಣೆ. ಹಲವು ವರ್ಷ ಸೇವೆ ಸಲ್ಲಿಸಿದವರಿಗೆ ಇದು ಅವಮಾನವೆಂದೇ ತೋರುತ್ತದೆ. ಇದರ ಕಾರಣವನ್ನೂ ನಮ್ಮವರು ವಹಿಸಬೇಕಾದ ಎಚ್ಚರವನ್ನೂ ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ನಿಯಮದ ಹಿನ್ನೆಲೆ

2017ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ಸಿ.ಬಿ.ಎಸ್.ಇ. ಸುತ್ತೋಲೆ ಹೊರಡಿಸಿ, ಬೋಧಕ ಹಾಗೂ ಬೋಧಕೇತರ ಸಿಬ್ಬಂದಿಯೆಲ್ಲರ ಪೊಲೀಸ್ ಪರಿಶೀಲನೆ ನಡೆಸುವಂತೆ ತನ್ನ ಶಾಲೆಗಳಿಗೆ ಸೂಚಿಸಿತು. 2020ರ ಪೋಕ್ಸೋ ನಿಯಮಗಳು ಇದನ್ನೇ ಮಕ್ಕಳೊಡನೆ ನಿತ್ಯ ಸಂಪರ್ಕವಿರುವ ಎಲ್ಲ ಸಂಸ್ಥೆಗಳಿಗೂ ವಿಧಿಸಿದವು. ಪರಿಶೀಲನೆ ಒಮ್ಮೆ ನಡೆದರೆ ಸಾಲದು, ಕಾಲಕಾಲಕ್ಕೆ ನಡೆಯಬೇಕು. 2022ರ ಅಕ್ಟೋಬರಿನಲ್ಲಿ ನಮ್ಮದೇ ನಗರದ ಬಂಜಾರಾ ಹಿಲ್ಸ್‌ನ ಶಾಲೆಯೊಂದರಲ್ಲಿ ನಾಲ್ಕು ವರ್ಷದ ಮಗುವಿನ ಮೇಲೆ ಪ್ರಾಂಶುಪಾಲರ ಕಾರು ಚಾಲಕನಿಂದ ದೌರ್ಜನ್ಯ ನಡೆದ ಮೇಲೆ ಪಾಲಕರ ಆತಂಕ ಇನ್ನಷ್ಟು ಹೆಚ್ಚಿತು.

ಮರುಕಳಿಸುವುದೇಕೆ?

ನಿಯಮವು ಹೊಣೆಯನ್ನು ಹೊರಿಸಿರುವುದು ಸಂಸ್ಥೆಯ ಮೇಲೆ. ನಾಳೆ ಅನಾಹುತವಾದರೆ ಉತ್ತರಿಸಬೇಕಾದವರು ಹೊಸ ಶಾಲೆಯ ಆಡಳಿತದವರು. ಆದ್ದರಿಂದ ಹಿಂದಿನ ಶಾಲೆ ಮಾಡಿಸಿದ ಪರಿಶೀಲನೆಯನ್ನು ನೆಚ್ಚಲು ಅವರು ಹಿಂಜರಿಯುತ್ತಾರೆ. ಪ್ರಮಾಣಪತ್ರವೂ ಅದನ್ನು ನೀಡಿದ ದಿನದವರೆಗಿನ ಸಂಗತಿಯನ್ನಷ್ಟೇ ಹೇಳಬಲ್ಲದು.

ನಮ್ಮವರು ಗಮನಿಸಬೇಕಾದವು

ಮೊದಲನೆಯದು, ಹೆಸರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಆಧಾರ್‌ನಲ್ಲಿ ಗಂಡನ ಮನೆತನದ ಹೆಸರು ಇದ್ದರೆ ಪ್ರತಿ ಬಾರಿಯೂ ವಿವರಣೆ ಕೊಡಬೇಕಾಗುತ್ತದೆ. ವಿವಾಹ ನೋಂದಣಿ ಪತ್ರದ ಪ್ರತಿಯನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ಒಳಿತು.

ಎರಡನೆಯದು, ವಿಳಾಸ. ತವರಿನ ವಿಳಾಸದ ಪರಿಶೀಲನೆಯನ್ನೂ ಶಾಲೆ ಕೇಳಿದರೆ ಕರ್ನಾಟಕದ ಸೇವಾ ಸಿಂಧು ಜಾಲತಾಣದ ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ಇಲ್ಲಿಯ ವಿಳಾಸಕ್ಕೆ ತೆಲಂಗಾಣ ಪೊಲೀಸರಲ್ಲಿ ಅರ್ಜಿ ಸಲ್ಲಿಸಬೇಕು. ಪಾಸ್‌ಪೋರ್ಟ್ ಕಚೇರಿ ನೀಡುವ ಪೊಲೀಸ್ ಪ್ರಮಾಣಪತ್ರ ವಿದೇಶದ ಉದ್ಯೋಗ, ವಾಸ್ತವ್ಯ ಮೊದಲಾದವುಗಳಿಗೆ. ಊರಿನ ಶಾಲೆಯ ಕೆಲಸಕ್ಕಲ್ಲ.

ಮೂರನೆಯದು, ಸತ್ಯ. ಸರ್ಕಾರಿ ಹುದ್ದೆಗೆ ಆಯ್ಕೆಯಾದವರು ತಮ್ಮ ಮೇಲಿನ ಮೊಕದ್ದಮೆಗಳ ವಿವರವನ್ನು ದೃಢೀಕರಣ ನಮೂನೆಯಲ್ಲಿ ಬರೆಯಬೇಕಾಗುತ್ತದೆ. ಅವತಾರ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ (2016) ಸುಪ್ರೀಂ ಕೋರ್ಟ್, ಕೇಳಿದ ಮಾಹಿತಿಯನ್ನು ಮುಚ್ಚಿಡದೆ ನಿಜವಾಗಿ ಕೊಡಬೇಕೆಂದು ಹೇಳಿತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮರೆಮಾಚಿದ್ದರೂ ಉದ್ಯೋಗದಾತರು ವಿವೇಚನೆಯಿಂದ ಮನ್ನಿಸಬಹುದು ಎಂದೂ ಅದೇ ತೀರ್ಪು ತಿಳಿಸಿತು.

ಬೇರೆಡೆಯ ವ್ಯವಸ್ಥೆ

ಇಂಗ್ಲೆಂಡಿನಲ್ಲಿಯೂ ಇದೇ ದೂರು ಇತ್ತು. ಅಲ್ಲಿ 2013ರ ಜೂನ್‌ನಲ್ಲಿ ಹೊಸ ಸೇವೆಯೊಂದು ಆರಂಭವಾಯಿತು. ಶಿಕ್ಷಕರು ವಾರ್ಷಿಕ ಶುಲ್ಕ ತೆತ್ತರೆ ಅವರ ಪ್ರಮಾಣಪತ್ರ ಚಾಲ್ತಿಯಲ್ಲಿರುತ್ತದೆ. ಅದೇ ಬಗೆಯ ಕೆಲಸಕ್ಕೆ ಸೇರಿಸಿಕೊಳ್ಳುವ ಹೊಸ ಶಾಲೆ, ಅವರ ಒಪ್ಪಿಗೆ ಪಡೆದು, ಹೊಸ ಸಂಗತಿ ಏನಾದರೂ ಸೇರಿದೆಯೇ ಎಂದು ಅಂತರ್ಜಾಲದಲ್ಲಿಯೇ ನೋಡಿಕೊಳ್ಳುತ್ತದೆ.

ಮಕ್ಕಳ ರಕ್ಷಣೆಯ ವಿಷಯದಲ್ಲಿ ಸಡಿಲಿಕೆ ಬೇಕೆಂದು ನಾವು ಹೇಳುತ್ತಿಲ್ಲ. ಶಾಲೆಗೆ ಹೋಗುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಆದರೆ ಪರಿಶೀಲನೆಯ ದಾಖಲೆ ಶಾಲೆಯ ಕಡತದಲ್ಲಿ ಉಳಿಯದೆ ಶಿಕ್ಷಕರ ಜೊತೆಯಲ್ಲಿಯೇ ಸಾಗುವಂತಾದರೆ ಮಕ್ಕಳ ಸುರಕ್ಷತೆಗೂ ಭಂಗವಿಲ್ಲ, ಗುರುಗಳ ಗೌರವಕ್ಕೂ ಕುಂದಿಲ್ಲ. ಅಂತಹ ವ್ಯವಸ್ಥೆ ಇಲ್ಲಿಯೂ ಬರಲೆಂಬುದು ನಮ್ಮ ಆಶಯ.