ಕೆಲಸ ಕೊಡಿಸೋ ಏಜೆನ್ಸಿಗಳಿಗೂ ಒಂದು ಸಂಘ ಇದೆ: ಅದು ಮಾಡೋದೇನು, ನಮ್ಮ ಹುಡುಗರಿಗೆ ಗೊತ್ತಿರಬೇಕಾದ್ದೇನು?

ಗೊಬ್ಬೂರ: ತೊಗರಿ ರಾಶಿ ಮುಗಿದ ಮೇಲೆ ಗೊಬ್ಬೂರ, ಚೌಡಾಪುರ, ಅಫಜಲಪುರ, ಆಳಂದ, ಜೇವರ್ಗಿ ಕಡೆಯ ಹುಡುಗರು ಕೆಲಸ ಹುಡುಕಿ ಬೆಂಗಳೂರು, ಪುಣೆ, ಹೈದರಾಬಾದ್ ಬಸ್ಸು ಹತ್ತೋದು ಹೊಸದೇನಲ್ಲ. ಮೊದಲು ಊರಿನ ಮೇಸ್ತ್ರಿ ಕರ್ಕೊಂಡು ಹೋಗುತ್ತಿದ್ದ. ಈಗ ಗೋದಾಮು, ಕಾರ್ಖಾನೆ, ಆಸ್ಪತ್ರೆ, ಸೆಕ್ಯುರಿಟಿ, ಅಷ್ಟೇ ಏಕೆ ಸರ್ಕಾರಿ ಕಚೇರಿಗೂ 'ಏಜೆನ್ಸಿ' ಮೂಲಕವೇ ಜನರನ್ನು ತೆಗೆದುಕೊಳ್ಳೋದು ಸಾಮಾನ್ಯ. ಕೆಲಸ ಒಂದು ಕಡೆ, ಪಗಾರ ಕೊಡೋರು ಇನ್ನೊಬ್ಬರು. ಪಗಾರ ತಡವಾದರೆ ಯಾರನ್ನು ಕೇಳಬೇಕು ಅನ್ನೋದೇ ಬಹಳ ಜನರಿಗೆ ಗೊತ್ತಾಗೋದಿಲ್ಲ.

ಇಂಥ ಏಜೆನ್ಸಿಗಳಿಗೂ ದೇಶಮಟ್ಟದ ಒಂದು ಸಂಘ ಇದೆ. ಅದರ ಪಾತ್ರ ಏನು, ಮಿತಿ ಏನು ಎಂಬ ಮಾಹಿತಿ ಇಲ್ಲಿದೆ.

ಯಾವುದು ಈ ಸಂಘ?

ಹೆಸರು ಇಂಡಿಯನ್ ಸ್ಟಾಫಿಂಗ್ ಫೆಡರೇಶನ್. ಶುರುವಾಗಿದ್ದು 2011ರಲ್ಲಿ. ಕಂಪನಿಗಳಿಗೆ ಗುತ್ತಿಗೆ ಮೇಲೆ ಸಿಬ್ಬಂದಿ ಒದಗಿಸುವ ಸಂಸ್ಥೆಗಳು ಇದರ ಸದಸ್ಯರು. ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಟೀಮ್‌ಲೀಸ್, ಕ್ವೆಸ್ ಕಾರ್ಪ್‌ನಂಥ ದೊಡ್ಡ ಕಂಪನಿಗಳು ಈ ಕ್ಷೇತ್ರದಲ್ಲಿವೆ. ಜಾಗತಿಕ ಮಟ್ಟದಲ್ಲಿ ಇಂಥ ಸಂಘಗಳ ಒಕ್ಕೂಟವೇ ವರ್ಲ್ಡ್ ಎಂಪ್ಲಾಯ್‌ಮೆಂಟ್ ಕಾನ್ಫೆಡರೇಶನ್. 1967ರಲ್ಲಿ ಸ್ಥಾಪನೆಯಾದ ಅದಕ್ಕೆ ಈಗಿನ ಹೆಸರು ಬಂದಿದ್ದು 2016ರಲ್ಲಿ. ಭಾರತದ ಸಂಘ ಅದರ ಸದಸ್ಯ.

ಏನು ಮಾಡುತ್ತದೆ?

ಮುಖ್ಯ ಕೆಲಸ, ಸದಸ್ಯ ಕಂಪನಿಗಳ ಪರವಾಗಿ ಸರ್ಕಾರದ ಜೊತೆ ಮಾತಾಡೋದು. ಪ್ರತಿ ರಾಜ್ಯಕ್ಕೂ, ಪ್ರತಿ ಕೆಲಸಕ್ಕೂ ಬೇರೆ ಬೇರೆ ಲೈಸೆನ್ಸ್ ಬೇಡ, ಒಂದೇ ಲೈಸೆನ್ಸ್ ಕೊಡಿ ಅನ್ನೋದು ಈ ಕ್ಷೇತ್ರದ ಹಳೆಯ ಬೇಡಿಕೆ. ಇನ್ನೊಂದು ಜಿಎಸ್‌ಟಿ. ಸಿಬ್ಬಂದಿ ಒದಗಿಸುವ ಸೇವೆಗೆ ಶೇ 18 ತೆರಿಗೆ ಇದೆ. ಪಗಾರವೂ ಸೇರಿ ಪೂರ್ತಿ ಬಿಲ್ ಮೇಲೆ ತೆರಿಗೆ ಬಿದ್ದರೆ ಕಾನೂನು ಪ್ರಕಾರ ನಡೆಯುವ ಏಜೆನ್ಸಿ ದುಬಾರಿ ಆಗುತ್ತದೆ, ರಶೀದಿ ಇಲ್ಲದ ಗುತ್ತಿಗೆದಾರ ಅಗ್ಗ ಆಗುತ್ತಾನೆ ಎಂಬುದು ಅದರ ವಾದ. ಎಷ್ಟು ಜನ ಈ ರೀತಿ ಕೆಲಸದಲ್ಲಿದ್ದಾರೆ ಎಂಬ ವರದಿಗಳನ್ನೂ ಸಂಘ ಹೊರತರುತ್ತದೆ.

ಕಾರ್ಮಿಕ ಸಂಘಟನೆಗಳ ಮಾತು ಬೇರೆ. ಕಾಯಂ ನೌಕರ ಮಾಡುವ ಕೆಲಸವನ್ನೇ ಗುತ್ತಿಗೆಯವರಿಂದ ಕಡಿಮೆ ಪಗಾರಕ್ಕೆ ಮಾಡಿಸಿ, ಬೇಕಾದಾಗ ತೆಗೆದುಹಾಕಲು ಇದು ದಾರಿ ಎಂಬುದು ಅವರ ಆಕ್ಷೇಪ. ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲಿ ಖಾಸಗಿ ಏಜೆನ್ಸಿ ಬದಲು ಕಾರ್ಮಿಕರ ಸಹಕಾರ ಸಂಘದ ಮೂಲಕ ಸರ್ಕಾರಿ ಕಚೇರಿಗಳಿಗೆ ಹೊರಗುತ್ತಿಗೆ ಸಿಬ್ಬಂದಿ ಕೊಡುವ ಪದ್ಧತಿ ಇದೆ. ಈ 'ಬೀದರ್ ಮಾದರಿ'ಯನ್ನು ಉಳಿದ ಜಿಲ್ಲೆಗಳಿಗೂ ತರುವ ಬಗ್ಗೆ 2025ರಲ್ಲಿ ರಾಜ್ಯ ಸರ್ಕಾರದ ಮಟ್ಟದಲ್ಲಿ ಚರ್ಚೆ ನಡೆಯಿತು.

ಏನು ಮಾಡೋದಿಲ್ಲ?

ಇದು ಕಾರ್ಮಿಕರ ಯೂನಿಯನ್ ಅಲ್ಲ, ಸರ್ಕಾರಿ ಇಲಾಖೆಯೂ ಅಲ್ಲ. ಏಜೆನ್ಸಿಗೆ ಲೈಸೆನ್ಸ್ ಕೊಡೋದು, ರದ್ದು ಮಾಡೋದು, ದಂಡ ಹಾಕೋದು ಇದರ ಕೈಯಲ್ಲಿಲ್ಲ. ಸದಸ್ಯತ್ವ ಕಡ್ಡಾಯವೂ ಅಲ್ಲ. ಹಳ್ಳಿಗೆ ಬಂದು ಹುಡುಗರನ್ನು ಒಟ್ಟು ಮಾಡಿ ಕರೆದೊಯ್ಯುವ ಬಿಡಿ ಏಜೆಂಟರು ಇಂಥ ಸಂಘದ ಲೆಕ್ಕಕ್ಕೇ ಬರೋದಿಲ್ಲ. ಮೋಸದ ಭಯ ಹೆಚ್ಚಿರೋದು ಅಲ್ಲೇ.

ಕೆಲಸಕ್ಕೆ ದುಡ್ಡು ಕೊಡಬೇಕಾ?

ಈ ಸಂಘಗಳಿಂದ ಸಾಮಾನ್ಯ ಜನ ಕಲಿಯಬೇಕಾದ ಒಂದು ಮಾತು ಇದ್ದರೆ ಅದು ಇದೇ. ಜಾಗತಿಕ ಒಕ್ಕೂಟದ ನೀತಿಸಂಹಿತೆ ಪ್ರಕಾರ ಕೆಲಸ ಹುಡುಕುವವರಿಂದ ಶುಲ್ಕ ತೆಗೆದುಕೊಳ್ಳಬಾರದು. ಏಜೆನ್ಸಿಗೆ ದುಡ್ಡು ಬರಬೇಕಾದ್ದು ಕಂಪನಿಯಿಂದ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆಯೂ ಇದನ್ನೇ ಹೇಳುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ ಅನ್ನೋದು ನಿಜ. ಆದರೂ ಅಳತೆಗೋಲು ಸ್ಪಷ್ಟ: 'ಮೊದಲು ಡಿಪಾಸಿಟ್ ಕಟ್ಟು, ಆಮೇಲೆ ಆರ್ಡರ್ ಕೊಡ್ತೀವಿ' ಅಂದರೆ ಅಲ್ಲೇ ಎಚ್ಚರಾಗಬೇಕು.

ವಿದೇಶದ ಕೆಲಸಕ್ಕೆ ನಿಯಮ ಬೇರೆ. 1983ರ ವಲಸೆ ಕಾಯ್ದೆ ಪ್ರಕಾರ ನೋಂದಾಯಿತ ಏಜೆಂಟ್ ಮಾತ್ರ ಜನರನ್ನು ಕಳಿಸಬಹುದು. ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಶೀದಿ ಕೇಳಿ ಪಡೆಯಬೇಕು. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನು ಕೇಂದ್ರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಇದು ದೂರದ ಮಾತಲ್ಲ. ಸೆಕ್ಯುರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ಕಲಬುರಗಿ ಜಿಲ್ಲೆಯ ಯುವಕರೂ ಇದ್ದರು. ಅವರು ಊರು ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ಕಾನೂನು ಏನು ಹೇಳುತ್ತದೆ?

1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಜಾಗಕ್ಕೆ ಈಗ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ನಾಲ್ಕೂ ಸಂಹಿತೆಗಳನ್ನು ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ಜಾರಿಗೆ ತಂದಿತು. ಗೊತ್ತಿರಬೇಕಾದ ಅಂಶಗಳು:

• ಹಳೆಯ ಕಾಯ್ದೆಯಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಲೈಸೆನ್ಸ್ ಬೇಕಿತ್ತು. ಹೊಸದರಲ್ಲಿ ಆ ಮಿತಿ 50. ಅಂದರೆ ಸಣ್ಣ ಗುತ್ತಿಗೆದಾರರು ಲೈಸೆನ್ಸ್‌ನಿಂದ ಹೊರಗೆ ಉಳಿಯುತ್ತಾರೆ.
• ನೇಮಕಾತಿ ಪತ್ರ ಕೊಡಬೇಕು.
• ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಆಗಬೇಕು. ಕೆಲಸ ಬಿಟ್ಟರೆ ಅಥವಾ ತೆಗೆದರೆ 2 ಕೆಲಸದ ದಿನಗಳಲ್ಲಿ ಬಾಕಿ ಚುಕ್ತಾ ಆಗಬೇಕು.
• ಗುತ್ತಿಗೆದಾರ ಪಗಾರ ಕೊಡದಿದ್ದರೆ, ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕನೇ ಕೊಡಬೇಕು. ಈ ನಿಯಮ ಹಳೆಯ ಕಾಯ್ದೆಯಲ್ಲೂ ಇತ್ತು.
• ಸೆಕ್ಯುರಿಟಿ ಏಜೆನ್ಸಿಗೆ 2005ರ ಕಾಯ್ದೆ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಬೇಕು.

ಪಗಾರ ಚೀಟಿ ಓದೋದು ಹೇಗೆ?

ಪಗಾರ 16,000 ರೂಪಾಯಿ ಅಂದ್ಕೊಳ್ಳಿ. ಇಎಸ್‌ಐಗೆ ನೌಕರನ ಪಾಲು ಶೇ 0.75, ಅಂದರೆ 120 ರೂಪಾಯಿ. ಮಾಲೀಕರ ಪಾಲು ಶೇ 3.25, ಅಂದರೆ 520 ರೂಪಾಯಿ. ತಿಂಗಳಿಗೆ 21,000 ರೂಪಾಯಿವರೆಗಿನವರಿಗೆ ಈ ಸೌಲಭ್ಯ. ಪಿಎಫ್‌ಗೆ ಇಬ್ಬರ ಪಾಲೂ ಸಾಮಾನ್ಯವಾಗಿ ಶೇ 12. ಚೀಟಿಯಲ್ಲಿ ಕಡಿತ ತೋರಿಸಿದ್ದಾರೆ ಅಂದ ಮಾತ್ರಕ್ಕೆ ಹಣ ಜಮಾ ಆಗಿದೆ ಅಂತಲ್ಲ. ಯುಎಎನ್ ನಂಬರ್ ಪಡೆದು ಪಾಸ್‌ಬುಕ್ ಆಗಾಗ ನೋಡುತ್ತಿರಬೇಕು. ಇಎಸ್‌ಐ ಚಾಲ್ತಿಯಲ್ಲಿದ್ದರೆ ಕಲಬುರಗಿ ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆಯಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಮಗ ಊರು ಬಿಟ್ಟು ದುಡಿಯುತ್ತಿರುವ ಮನೆಗೆ ಇದು ಸಣ್ಣ ಮಾತಲ್ಲ.

ದೂರು ಎಲ್ಲಿ ಕೊಡಬೇಕು?

ಪಗಾರದ ತಕರಾರಿಗೆ ಕೆಲಸ ಮಾಡುವ ಜಾಗದ ಕಾರ್ಮಿಕ ಇಲಾಖೆ ಕಚೇರಿ. ರಾಜ್ಯದ ಕಾರ್ಮಿಕ ಸಹಾಯವಾಣಿ 155214. ಪಿಎಫ್‌ಗೆ 14470. ಆನ್‌ಲೈನ್‌ನಲ್ಲಿ ದುಡ್ಡು ಕಳಿಸಿ ಮೋಸ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು.

ಏಜೆನ್ಸಿಗಳ ಸಂಘ ಇರೋದು ಏಜೆನ್ಸಿಗಳ ಸಲುವಾಗಿ. ಕೆಲಸಕ್ಕೆ ಹೋಗುವವರು ತಮ್ಮ ಸಲುವಾಗಿ ಇಟ್ಟುಕೊಳ್ಳಬೇಕಾದ್ದು ನೇಮಕಾತಿ ಪತ್ರ, ಏಜೆನ್ಸಿಯ ಹೆಸರು-ವಿಳಾಸ, ಮುಖ್ಯ ಕಂಪನಿಯ ಹೆಸರು ಮತ್ತು ಪಗಾರ ಚೀಟಿ. ಬಸ್ಸು ಹತ್ತುವ ಮೊದಲು ಇವುಗಳ ಒಂದು ಫೋಟೋ ಮನೆಯವರ ಮೊಬೈಲ್‌ನಲ್ಲೂ ಇರಲಿ.